ಹಿಂದಿನ ಸಾಲಿಗೆ ಹಾಡು

ಮಗಾ, "ಇನ್ನು ಮೇಲೆ ಊರ ನಾಟಕಕ್ಕೂ ಗಣಪತಿ ಪೆಂಡಾಲಿಗೂ ಹಾಡೋಕೆ ಬರೋದಿಲ್ಲ ಮೇಷ್ಟ್ರೇ, ಬೆಂಗಳೂರಲ್ಲಿ ರೂಮು ಮಾಡಿದ್ದೀನಿ, ರೆಕಾರ್ಡಿಂಗ್ ಒಂದೇ ಸಾಕು" ಅಂದೆಯಲ್ಲ, ಆ ಮಾತಿಗೆ ನಾನು ಅಲ್ಲೇ ಉತ್ತರ ಕೊಡಲಿಲ್ಲ. ನಾಲ್ಕು ಜನರ ನಡುವೆ ಹೇಳಿ ಮುಗಿಸುವ ವಿಷಯವಲ್ಲ ಅದು. ನೀನು ಕೊಟ್ಟ ಕಾರಣಗಳಲ್ಲಿ ಒಂದೂ ಸುಳ್ಳಲ್ಲ. ಸೌಂಡ್ ಸಿಸ್ಟಮ್ಮಿನವನು ಎಕೋ ಏರಿಸಿ ಸಾಹಿತ್ಯವನ್ನೆಲ್ಲ ಕಲಸಿಬಿಡುತ್ತಾನೆ. ಹಾಡುವವನಿಗೆ ತನ್ನ ದನಿಯೇ ಕೇಳುವುದಿಲ್ಲ. ನಡುರಾತ್ರಿಯ ಇಬ್ಬನಿಗೆ ಗಂಟಲು ಕಟ್ಟುತ್ತದೆ. ಬೆಳಿಗ್ಗೆ ದುಡ್ಡು ಕೇಳಿದರೆ ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸ್ಟುಡಿಯೋದಲ್ಲಿ ಇದ್ಯಾವುದೂ ಇಲ್ಲ. ತಪ್ಪಿದರೆ ಇನ್ನೊಂದು ಟೇಕ್, ಅದೂ ತಪ್ಪಿದರೆ ಮತ್ತೊಂದು. ನಿನ್ನ ವಯಸ್ಸಿನವರಿಗೆ ಅದೇ ಸುಖ ಅನ್ನಿಸಿದರೆ ಆಶ್ಚರ್ಯವೇನಿಲ್ಲ. ಆದರೂ ನಾನು ಹೇಳುವುದನ್ನು ಒಮ್ಮೆ ಪೂರ್ತಿ ಕೇಳು. ಆಮೇಲೆ ನಿನ್ನ ದಾರಿ ನಿನ್ನದು.

ಹಾಡುವವನಿಗೆ ಎರಡು ಕಡೆಯೂ ಭಯವಿದೆ. ಎರಡರ ಗುಣ ಬೇರೆ. ವೇದಿಕೆಯ ಭಯ ಪರದೆ ಏಳುವ ಮೊದಲು ಹೆಚ್ಚು. ಕೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ, ನೂರು ಸಲ ಹಾಡಿದ ಕಂದದ ಮೊದಲ ಪದವೇ ನೆನಪಿಗೆ ಬರುವುದಿಲ್ಲ. ಹಾರ್ಮೋನಿಯಂ ಶ್ರುತಿ ಕೊಟ್ಟು, ಮೊದಲ ಸಾಲು ಹೊರಬಿದ್ದು, ಚಾಪೆಯ ಮೇಲೆ ಕೂತ ಯಾರೋ ಒಬ್ಬರು ತಲೆ ಆಡಿಸಿದರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. ಸ್ಟುಡಿಯೋದ ಭಯ ಇದರ ತಿರುಗುಮುರುಗು. ಮೊದಲ ಟೇಕಿಗೆ ಧೈರ್ಯ ಇರುತ್ತದೆ. ಹಾಡಿದ್ದನ್ನು ಕೇಳಿಸಿಕೊಂಡ ಮೇಲೆ ಭಯ ಶುರು. ಇಷ್ಟು ದಿನ ನಾನು ಹಾಡುತ್ತಿದ್ದದ್ದು ಹೀಗೆಯೇ ಅನ್ನಿಸುತ್ತದೆ. ಹತ್ತನೆಯ ಟೇಕಿನ ಹೊತ್ತಿಗೆ ಗಂಟಲು ತಪ್ಪನ್ನೇ ಹುಡುಕಿಕೊಂಡು ಹೋಗುತ್ತದೆ, ಹಾಡು ಎಲ್ಲೋ ಹಿಂದೆ ಉಳಿಯುತ್ತದೆ. ಗಾಜಿನ ಆಚೆ ಕೂತವನು ಏನೋ ಮಾತಾಡುವುದು ಕಾಣುತ್ತದೆ, ಕೇಳುವುದಿಲ್ಲ. ತನ್ನ ಬಗ್ಗೆಯೇ ಆಡುತ್ತಿದ್ದಾನೆ ಅಂತ ಹಾಡುವವನ ಮನಸ್ಸು ಕುಗ್ಗುತ್ತದೆ. ಭಯ ತಪ್ಪಿಸಿಕೊಳ್ಳಲು ಸ್ಟುಡಿಯೋಗೆ ಹೋಗುವವರು ಇದನ್ನು ತಿಳಿದು ಹೋಗಬೇಕು.

ನಮ್ಮ ಸೀಮೆಯನ್ನೇ ನೋಡು. ರಾಗಿ ಕಣ ಮುಗಿದು ಸಂಕ್ರಾಂತಿ ಕಳೆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾವುದಾದರೂ ಊರಲ್ಲಿ 'ಕುರುಕ್ಷೇತ್ರ'ದ ಅಭ್ಯಾಸ ನಡೆಯುತ್ತಲೇ ಇರುತ್ತದೆ. ತೋಟಕ್ಕೆ ನೀರು ಬಿಟ್ಟು ಬಂದವನು ದುರ್ಯೋಧನ, ಮಂಡಿಯಲ್ಲಿ ಕೊಬ್ಬರಿ ಚೀಲ ಹೊತ್ತು ಬಂದವನು ಭೀಮ, ಶಾಲೆಯ ಮೇಷ್ಟ್ರು ಕೃಷ್ಣ. ಪಾತ್ರಕ್ಕೆ ಅವರವರೇ ದುಡ್ಡು ಹಾಕಿಕೊಳ್ಳುತ್ತಾರೆ. ಸೀನರಿ, ಡ್ರೆಸ್ಸು, ಲೈಟು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ, ನಿನ್ನ ಹಾಗೆ ಕರೆಸಿದ ಹಾಡುಗಾರರ ಸಂಭಾವನೆ ಎಲ್ಲ ಅದರಲ್ಲೇ ಆಗಬೇಕು. ತಿಂಗಳುಗಟ್ಟಲೆ ರಾತ್ರಿ ಊಟ ಆದ ಮೇಲೆ ಹಾರ್ಮೋನಿಯಂ ಮುಂದೆ ಕೂತು ಒಂದೊಂದು ಕಂದವನ್ನೂ ತಿದ್ದಿಸಿಕೊಳ್ಳುತ್ತಾರೆ. ನೀನೂ ಕಲಿತದ್ದು ಅಲ್ಲೇ.

ನಾಟಕದ ರಾತ್ರಿ ಏನೇನು ನಡೆಯುತ್ತದೆ ಅನ್ನುವುದನ್ನು ಹಾಡುವ ಆತಂಕದಲ್ಲಿ ನೀನು ಗಮನಿಸಿರಲಿಕ್ಕಿಲ್ಲ. ನಾನು ಹಾರ್ಮೋನಿಯಂ ಹಿಂದೆ ಕೂತು ನೋಡಿದವನು. ಹತ್ತು ಗಂಟೆಗೆ ತಬಲಾ ಶ್ರುತಿಗೆ ಸರಿಯಾಗಿ ಕೂತಿರುತ್ತದೆ. ಒಂದು ಗಂಟೆ ಹೊತ್ತಿಗೆ ಇಬ್ಬನಿ ಹಿಡಿದು ಚರ್ಮ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ. ಮಾತಿನ ಭಾಗ ಬಂದಾಗಲೆಲ್ಲ ತಬಲಾದವನು ಸುತ್ತಿಗೆ ಹಿಡಿದು ತಟ್ಟಿ ತಟ್ಟಿ ಅದನ್ನು ಮೇಲಕ್ಕೆ ತರುತ್ತಿರುತ್ತಾನೆ. ಹೊರಗೆ ತಮಟೆ, ಅರೆ ಬಾರಿಸುವವರು ಒಣಗಿದ ತೆಂಗಿನ ಗರಿಗೆ ಬೆಂಕಿ ಕೊಟ್ಟು ವಾದ್ಯ ಕಾಯಿಸಿಕೊಳ್ಳುತ್ತಾರೆ. ಹಾರ್ಮೋನಿಯಂ ಮಾತ್ರ ಇದ್ದಲ್ಲೇ ಇರುತ್ತದೆ. ಇವುಗಳ ನಡುವೆ ನಿಂತು ಕರ್ಣ ಹಾಡಬೇಕು. ಯಾವುದನ್ನು ನಂಬಬೇಕು ಅಂತ ಅವನ ಕಿವಿ ಆ ಗಳಿಗೆಯಲ್ಲೇ ತೀರ್ಮಾನ ಮಾಡಬೇಕು. ಹಾಡು ನಿಲ್ಲಿಸಿ ಯೋಚಿಸುವ ಹಾಗಿಲ್ಲ, ಹಿಂದಕ್ಕೆ ಹೋಗುವ ಹಾಗಿಲ್ಲ. ಅಂಥ ಕಿವಿಯನ್ನು ನಾನು ಪಾಠ ಹೇಳಿ ಯಾರಿಗೂ ಕೊಡಲಾಗಲಿಲ್ಲ. ಕೊಟ್ಟದ್ದೆಲ್ಲ ಆ ರಾತ್ರಿಗಳೇ.

ಇನ್ನು ಕೇಳುವವರು. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೋ ಇನ್ನೂ ಹಸಿ ಇದೆಯೋ ಹೇಳುವ ಜನ ಇವರು. ರಾಗದ ಹೆಸರು ಗೊತ್ತಿರಲಿಕ್ಕಿಲ್ಲ, ದನಿಯಲ್ಲಿ ಸತ್ವ ಇಲ್ಲದಿದ್ದರೆ ತಕ್ಷಣ ಗೊತ್ತಾಗುತ್ತದೆ. ಆದರೆ ಒನ್ಸ್ ಮೋರ್ ಅಂತ ಕೂಗುವುದೆಲ್ಲ ಮೆಚ್ಚುಗೆ ಅಂದುಕೊಳ್ಳಬೇಡ. ಕೆಲವು ನೆಂಟರ ಕೂಗು, ಕೆಲವು ಅಮಲಿನ ಕೂಗು. ನೋಟಿನ ಹಾರವೂ ಹಾಗೆಯೇ. ನೀನು ನೋಡಬೇಕಾದ್ದು ಬೇರೆ. ಕಡಲೆಕಾಯಿ ಬಿಡಿಸುವ ಸದ್ದು ನಿಂತಿತೇ? ಮಗುವಿನ ಪಕ್ಕ ಕಂಬಳಿ ಹೊದ್ದು ಮಲಗಿದ್ದ ಅಜ್ಜಿ ಎದ್ದು ಕೂತಳೇ? ಹಿಂದೆ ಬೈಕಿನ ಮೇಲೆ ಕೂತು ಹರಟುತ್ತಿದ್ದ ಹುಡುಗರು ಸುಮ್ಮನಾದರೇ? ತೀರ್ಪು ಇರುವುದು ಅಲ್ಲಿ.

ನಮ್ಮ ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಗೆ ಮೊದಲ ದಶಕಗಳಲ್ಲಿ ಮೈಕು ಅನ್ನುವುದೇ ಇರಲಿಲ್ಲ. ಡೇರೆಯ ಕಟ್ಟಕಡೆಯಲ್ಲಿ ಕೂತವನಿಗೂ ಮಾತು, ಹಾಡು ತಲುಪಲೇಬೇಕು. ಕಂಪನಿ ನಟರು ಅಷ್ಟು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದದ್ದು ಜಂಬಕ್ಕಲ್ಲ, ಅಗತ್ಯಕ್ಕೆ. 1934ರ 'ಕುರುಕ್ಷೇತ್ರ'ಕ್ಕೆ ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಆ ಗದ್ದಲದ ಮೇಲೂ ಪದ್ಯ ಕೇಳಿಸಬೇಕಿತ್ತು. ತಿಪಟೂರಲ್ಲಿ 1923ರಲ್ಲಿ ಹುಟ್ಟಿದ ಹಾಸ್ಯನಟ ನರಸಿಂಹರಾಜು ಇನ್ನೂ ಎಳೆಯ ಮಗುವಾಗಿದ್ದಾಗಲೇ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿ ಸೇರಿದವರು. 1954ರಲ್ಲಿ 'ಬೇಡರ ಕಣ್ಣಪ್ಪ' ಬರುವ ಹೊತ್ತಿಗೆ ಅವರು ಎಷ್ಟೋ ವರ್ಷ ಜನರ ಮುಂದೆ ನಿಂತಾಗಿತ್ತು. ಕ್ಯಾಮೆರಾ ನಗುವುದಿಲ್ಲ. ಮಾತನ್ನು ಎಲ್ಲಿ ತಡೆದರೆ ನಗು ಏಳುತ್ತದೆ ಅನ್ನುವುದನ್ನು ಅವರಿಗೆ ಜನರೇ ಕಲಿಸಿದ್ದರು ಅಂತ ನಾನು ನಂಬುತ್ತೇನೆ. ಆ ಚಿತ್ರಗಳನ್ನು ನೋಡಿದರೆ ನಿನಗೂ ಹಾಗೇ ಅನ್ನಿಸುತ್ತದೆ.

ಪಿಟೀಲು ಚೌಡಯ್ಯನವರ ವಿಷಯ ಹೇಳಲೇಬೇಕು. ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲದ ಕಛೇರಿಗಳಲ್ಲಿ ತಮ್ಮ ಪಿಟೀಲಿನ ನಾದ ಹಿಂದೆ ಕೂತವರಿಗೆ ಸರಿಯಾಗಿ ಮುಟ್ಟುತ್ತಿಲ್ಲ ಅನ್ನುವುದು ಅವರನ್ನು ಕಾಡಿತು. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ, ಜೋಡಿ ತಂತಿಗಳು ಒಟ್ಟಿಗೆ ನುಡಿಯುವ ಹಾಗೆ ಮಾಡಿಕೊಂಡರು. ಎಷ್ಟು ಕಷ್ಟ ಅಂತ ಯೋಚಿಸು. ಕಮಾನಿನ ಒತ್ತು, ಬೆರಳಿನ ಜಾಗ, ಶ್ರುತಿ ಮಾಡುವ ಕ್ರಮ ಎಲ್ಲವನ್ನೂ ಹೊಸದಾಗಿ ಕೈಗೆ ಒಗ್ಗಿಸಿಕೊಳ್ಳಬೇಕು. ಕತ್ತಲಲ್ಲಿ ಕೂತ, ಮುಖ ಕಾಣದ ಕೇಳುಗನಿಗಾಗಿ ಒಬ್ಬ ವಿದ್ವಾಂಸರು ತಮ್ಮ ವಾದ್ಯವನ್ನೇ ಬದಲಿಸಿಕೊಂಡರು. ನಾನು ನಿನಗೆ ಹೇಳಬೇಕಾದ್ದು ಇಷ್ಟೇ. ಹಿಂದಿನ ಸಾಲಿನವನ ಬಗ್ಗೆ ಆ ಕಾಳಜಿ ಇದ್ದರೆ ಎಲ್ಲಿ ಬೇಕಾದರೂ ಹಾಡು, ಸ್ಟುಡಿಯೋದಲ್ಲೂ ಹಾಡು. ಅದು ಇಲ್ಲದೆ ಸ್ಟುಡಿಯೋಗೆ ಹೋದವನು ತನಗೆ ತಾನೇ ಹಾಡಿಕೊಂಡು ಬರುತ್ತಾನೆ.

ರೆಕಾರ್ಡಿಂಗನ್ನು ನಾನು ಕೀಳುಮಾಡುತ್ತಿಲ್ಲ. ಅದಕ್ಕೂ ಅದರದೇ ತಪಸ್ಸು ಇದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಒಂದು ದೊಡ್ಡ ತುತ್ತೂರಿಯ ಬಾಯಿಗೆ. ಮೈಕು, ಕರೆಂಟು ಯಾವುದೂ ಇಲ್ಲ. ದನಿಯ ಒತ್ತಡವೇ ಸೂಜಿಯನ್ನು ಆಡಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಅಲುಗಾಡುವ ಹಾಗಿಲ್ಲ, ಕೈ ಬೀಸುವ ಹಾಗಿಲ್ಲ. ಸಮಯ ಸುಮಾರು ಮೂರು ನಿಮಿಷ. ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು, ಜರ್ಮನಿಯಲ್ಲಿ ತಟ್ಟೆ ಒತ್ತುವವರಿಗೆ ಯಾರ ಹಾಡು ಅಂತ ಗೊತ್ತಾಗಲಿ ಅಂತ. ಗಂಟೆಗಟ್ಟಲೆ ಮೆಹಫಿಲ್ ನಡೆಸಿದವರು ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸುವುದನ್ನು ಕಲಿತರು. ಏನನ್ನು ಬಿಡಬೇಕು ಅನ್ನುವ ವಿವೇಕ ಅದು. ಆ ಗೌಹರ್ ಜಾನ್ ಕೊನೆಗೆ ಬಂದದ್ದು ನಮ್ಮ ಮೈಸೂರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1928ರಲ್ಲಿ ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿಯಲ್ಲಿ ಅವರು ಮೈಸೂರಿನಲ್ಲೇ ತೀರಿಕೊಂಡರು.

ತಟ್ಟೆ ಇಲ್ಲದಿದ್ದರೆ ನಮಗೆ ಭೀಮಸೇನ ಜೋಶಿ ಸಿಗುತ್ತಿದ್ದರೋ ಇಲ್ಲವೋ. ಅಬ್ದುಲ್ ಕರೀಂ ಖಾನರ ಹಾಡಿನ ತಟ್ಟೆಯನ್ನು ಕೇಳಿದ ಗದಗಿನ ಹುಡುಗ, ಇದನ್ನು ಕಲಿಯಲೇಬೇಕು ಅಂತ ಮನೆ ಬಿಟ್ಟು ಹೊರಟ. ಗಂಗೂಬಾಯಿ ಹಾನಗಲ್ಲರ ಮಾತು ಇನ್ನೂ ಬೇರೆ. 1930ರ ದಶಕದಲ್ಲಿ 'ಗಾಂಧಾರಿ' ಅನ್ನುವ ಹೆಸರಲ್ಲಿ ಅವರು ಕೊಟ್ಟ ತಟ್ಟೆಗಳಲ್ಲಿ ಇರುವುದು ತೆಳುವಾದ, ಮೇಲಿನ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಹೋಯಿತು, ನಾವೆಲ್ಲ ಬಲ್ಲ ಆ ಗಡಸು ಗಂಭೀರ ದನಿ ಬಂತು. ಎರಡೂ ಇವತ್ತು ನಮಗೆ ಸಿಗುವುದು ರೆಕಾರ್ಡಿನಿಂದ. ಆದರೆ ದನಿ ಬದಲಾದ ಮೇಲೂ ಅದನ್ನು ಮುಚ್ಚಿಟ್ಟುಕೊಳ್ಳದೆ ಮತ್ತೆ ಜನರ ಮುಂದೆ ಕೂತು ಅದೇ ದನಿಯಲ್ಲಿ ದಶಕಗಟ್ಟಲೆ ಹಾಡಿದರಲ್ಲ, ಆ ಧೈರ್ಯವನ್ನು ಯಾವ ತಟ್ಟೆಯೂ ಕೊಟ್ಟದ್ದಲ್ಲ. ನನಗೆ ಅವರ ಮೇಲಿರುವ ಗೌರವ ಹೆಚ್ಚಾಗಿ ಇದಕ್ಕೇ.

ಕ್ಯಾಸೆಟ್ಟಿನ ಕಾಲವನ್ನು ನೀನು ಕಂಡಿಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಬಂತು. ಕವಿತೆ ಅನ್ನುವುದು ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ಕೊಬ್ಬರಿ ಮಂಡಿಯಲ್ಲಿ ಕೇಳತೊಡಗಿತು. ಓದು ಬಾರದವರ ಬಾಯಲ್ಲೂ ಕವಿತೆ ಬಂತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ 'ಕನ್ನಡವೇ ಸತ್ಯ' ಮಾಡಿದಾಗ ಸೇರಿದ ಜನಸಾಗರವನ್ನು ಎಷ್ಟೋ ಮಟ್ಟಿಗೆ ಕರೆತಂದದ್ದು ಆ ಕ್ಯಾಸೆಟ್ಟುಗಳೇ. ಮನೆಯಲ್ಲಿ ಕೇಳಿದ ಹಾಡನ್ನು ಹಾಡಿದವರ ಎದುರಿಗೆ ನಿಂತು ಅವರ ಜೊತೆ ಹಾಡಬೇಕು ಅನ್ನುವ ಆಸೆ ಜನಕ್ಕೆ ಇರುತ್ತದೆ. ಹಾಗಾಗಿ ಇದು ಇಲ್ಲವೇ ಅದು ಅನ್ನುವ ಹಟ ನನಗಿಲ್ಲ. ಯಾವುದು ಮೊದಲು ಅನ್ನುವುದಷ್ಟೇ ನನ್ನ ಮಾತು.

ರಾಜ್‌ಕುಮಾರ್ ಅವರನ್ನು ನೋಡು. ಹಾಡು, ಮಾತು, ಹೆಜ್ಜೆ ಎಲ್ಲ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ್ದು. ಸಿನಿಮಾಕ್ಕೆ ಬಂದ ಮೇಲೆ ಅವರ ಹಾಡುಗಳನ್ನು ಬಹುಪಾಲು ಪಿ.ಬಿ. ಶ್ರೀನಿವಾಸ್ ಹಾಡಿದರು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಜಿ.ಕೆ. ವೆಂಕಟೇಶ್ ರಾಜ್‌ಕುಮಾರರಿಂದಲೇ ಹಾಡಿಸಿದ ಮೇಲೆ ಅವರು ಹಾಡುವುದನ್ನು ಬಿಡಲಿಲ್ಲ. ಆಗಿನ ಮದರಾಸಿನ ಸ್ಟುಡಿಯೋಗಳಲ್ಲಿ ಪಿಟೀಲಿನವರು, ಕೊಳಲಿನವರು, ತಬಲಾದವರು ಎಲ್ಲ ಗಾಯಕರ ಜೊತೆಗೇ ಕೂತು ನುಡಿಸುತ್ತಿದ್ದರು. ಒಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಮೊದಲಿಂದ. ಅದು ಮುಚ್ಚಿದ ಬಾಗಿಲ ಹಿಂದಿನ ಕಛೇರಿಯೇ. ಆಕಾಶವಾಣಿಯೂ ಹಾಗೆಯೇ ಇತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಶುರುಮಾಡಿದ ಕಾಲದಲ್ಲಿ ವಿದ್ವಾಂಸರು ಹಾ ಅಂದದ್ದು ಆಗಲೇ ಊರಿಗೆ ಕೇಳುತ್ತಿತ್ತು. ಎದುರಿಗೆ ಒಬ್ಬ ಕೇಳುಗನೂ ಇಲ್ಲ, ತಿದ್ದಲು ಅವಕಾಶವೂ ಇಲ್ಲ. ಎರಡೂ ಕಡೆಯ ಕಷ್ಟವನ್ನು ಒಟ್ಟಿಗೆ ಹೊತ್ತವರು ಅವರು.

ಈಗಿನ ಸ್ಟುಡಿಯೋ ಆ ಸ್ಟುಡಿಯೋ ಅಲ್ಲ. ಕಿವಿಗೆ ಹೆಡ್‌ಫೋನು, ಅದರೊಳಗೆ ಟಕ್ ಟಕ್ ಅನ್ನುವ ಕ್ಲಿಕ್ಕು. ಕೀಬೋರ್ಡಿನವನು ಮೊನ್ನೆ ನುಡಿಸಿ ಹೋಗಿದ್ದಾನೆ, ಕೊಳಲಿನವನು ನಾಳೆ ಬರುತ್ತಾನೆ. ನೀನು ಪಲ್ಲವಿಯನ್ನು ಒಂದು ಸಲ ಹಾಡಿದರೆ ಅದನ್ನೇ ನಾಲ್ಕು ಕಡೆ ಅಂಟಿಸುತ್ತಾರೆ. ಚರಣದಲ್ಲಿ ಒಂದು ಪದ ತಪ್ಪಿದರೆ ಆ ಪದ ಮಾತ್ರ ಮತ್ತೆ. ಸ್ವರ ಜಾರಿದರೆ ಎತ್ತಿ ಕೂರಿಸುವ ಆಟೋಟ್ಯೂನ್ 1997ರಿಂದಲೇ ಇದೆ. ಇದೆಲ್ಲ ಪಾಪ ಅಂತ ನಾನು ಹೇಳುವುದಿಲ್ಲ. ಆದರೆ ಹೀಗೆ ಮಾತ್ರ ಹಾಡಿದವನಿಗೆ ಏನು ತಪ್ಪಿಹೋಗುತ್ತದೆ ಗೊತ್ತೇ? ಪಲ್ಲವಿ ಮೊದಲ ಸಲ ಒಂದು ಅರ್ಥ, ಚರಣ ಹಾಡಿ ಬಂದ ಮೇಲೆ ಅದೇ ಪಲ್ಲವಿಗೆ ಇನ್ನೊಂದು ಅರ್ಥ. ನಡುವೆ ಏನೋ ಆಗಿಹೋಗಿರುತ್ತದೆ. ಅಂಟಿಸಿದ ಪಲ್ಲವಿಗೆ ಏನೂ ಆಗಿರುವುದಿಲ್ಲ. ಇನ್ನೊಂದು ವಿಷಯ: ಸ್ಟುಡಿಯೋದ ಆ ಸಣ್ಣ ಕೋಣೆಯಲ್ಲಿ ಎದುರಿಗೆ ಯಾರೂ ಇಲ್ಲದಾಗ ಯಾರಿಗೆ ಹಾಡುತ್ತೀಯ? ಎದ್ದು ಕೂತ ಆ ಅಜ್ಜಿಯನ್ನು ಕಣ್ಣಾರೆ ಕಂಡಿದ್ದರೆ ಮೈಕಿನ ಆಚೆ ಅವಳನ್ನು ಕೂರಿಸಿಕೊಳ್ಳಬಹುದು. ಕಂಡೇ ಇಲ್ಲದವನು ಯಾರನ್ನು ಕೂರಿಸಿಕೊಳ್ಳುತ್ತಾನೆ?

ನೀನು ಓದಿದವನು, ಎದುರುವಾದ ಹೂಡುತ್ತೀಯ. ಕೆನಡಾದ ಪಿಯಾನೋ ವಿದ್ವಾಂಸ ಗ್ಲೆನ್ ಗೌಲ್ಡ್ 1964ರಲ್ಲಿ ಕಛೇರಿಗಳನ್ನು ಪೂರಾ ಬಿಟ್ಟು ಸಾಯುವವರೆಗೂ ಸ್ಟುಡಿಯೋದಲ್ಲೇ ನುಡಿಸಿದ. ಬೀಟಲ್ಸ್ ಹುಡುಗರು 1966ರಲ್ಲಿ ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿ ಸ್ಟುಡಿಯೋ ಸೇರಿಕೊಂಡರು ಅನ್ನುತ್ತೀಯ. ನಿಜ. ಜನರ ಕಿರುಚಾಟದಲ್ಲಿ ಬೀಟಲ್ಸ್‌ಗೆ ತಮ್ಮ ವಾದ್ಯವೇ ಕೇಳುತ್ತಿರಲಿಲ್ಲ. ಆದರೆ ಅವರು ಅಲ್ಲಿಗೆ ಹೋದದ್ದು ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಹಾಡಿ ಹದವಾದ ಮೇಲೆ. ಗೌಲ್ಡ್ ಕೂಡ ದೇಶದೇಶಗಳಲ್ಲಿ ಜನರ ಮುಂದೆ ನುಡಿಸಿಯೇ ಬಿಟ್ಟದ್ದು. ಇಟ್ಟುಕೊಂಡದ್ದನ್ನು ಬಿಡುವುದು ಬೇರೆ, ಪಡೆಯದೆಯೇ ಬಿಡುವುದು ಬೇರೆ.

ರೆಕಾರ್ಡಿಂಗ್ ಕಲಿತಿದ್ದೀಯಲ್ಲ, ಅದನ್ನು ನಮ್ಮ ಸೀಮೆಗೂ ಸ್ವಲ್ಪ ಖರ್ಚುಮಾಡು. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ನುಡಿಸಿ ಜುಂಜಪ್ಪನ ಕಥೆ ಹಾಡುವವರು ಇದ್ದಾರೆ. ಉದ್ದನೆಯ ಬಿದಿರಿನ ಆ ಗಣೆಯ ದನಿ ಮೆತ್ತಗೆ. ಜಾತ್ರೆಯ ಸ್ಪೀಕರ್ ಗದ್ದಲದಲ್ಲಿ ಅದು ಸತ್ತೇಹೋಗುತ್ತದೆ. ಉಸಿರು ಬಿದಿರಿಗೆ ತಾಗುವ ಸದ್ದನ್ನೂ ಹಿಡಿಯುವ ಒಳ್ಳೆಯ ಮೈಕು ಆ ವಾದ್ಯಕ್ಕೆ ನಿಜವಾದ ಉಪಕಾರ. ಆದರೆ ಆ ಹಾಡು ಅವರಿಗೆ ದೇವರ ಸೇವೆ. ಕೇಳಿಯೇ ಮಾಡು, ಬೇಡ ಅಂದರೆ ಮೈಕು ಮಡಚಿಕೊಂಡು ಕೈಮುಗಿದು ಬಾ. ದುಡ್ಡು ಬಂದರೆ ಅದರಲ್ಲಿ ಅವರ ಪಾಲು ಎಷ್ಟು ಅಂತ ಮೊದಲೇ ಬರೆದುಕೊಡು. ಮೂಡಲಪಾಯ ಯಕ್ಷಗಾನದ ಭಾಗವತರ ಹತ್ತಿರವೂ ಹೋಗು. ಜೀ.ಶಂ. ಪರಮಶಿವಯ್ಯನವರು ನಮ್ಮ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಆ ಆಟಕ್ಕೆ ಒಂದು ನೆಲೆ ಮಾಡಿಕೊಡಲು ದುಡಿದರು. ಆ ಆಟಕ್ಕೆ ಮುಖವೀಣೆ ನುಡಿಸುವವರು ಈಗ ಎಲ್ಲೋ ಒಬ್ಬೊಬ್ಬರು. ಅವರನ್ನು ಬೆಂಗಳೂರಿನ ಕೋಣೆಗೆ ಕರೆತಂದು ಕ್ಲಿಕ್ಕಿಗೆ ನುಡಿಸಿ ಅನ್ನಬೇಡ. ಆಟ ನಡೆಯುವಲ್ಲೇ, ಬೆಳಗಿನವರೆಗೂ ಕೂತು, ವೇಷದ ಗೆಜ್ಜೆ, ಜನರ ಕೆಮ್ಮು, ಸಾರಥಿಯ ಮಾತಿಗೆ ಏಳುವ ನಗು ಎಲ್ಲದರ ಸಮೇತ ಹಿಡಿ. ಮುಖವೀಣೆಗೆ ಅದು ಬೇಕು.

ನಿನ್ನ ಹೊಸ ಹಾಡುಗಳ ವಿಷಯಕ್ಕೆ ಬರುತ್ತೇನೆ. ಸ್ಟುಡಿಯೋ ಬುಕ್ ಮಾಡುವ ಮೊದಲು ಅವುಗಳನ್ನು ಜನರ ಮುಂದೆ ಹಾಡು. ನಿನ್ನ ಊರಿನ ಜಗಲಿ ಆಗಲಿ, ತಿಪಟೂರಿನ ಸತ್ಯಗಣಪತಿಯ ಮಂಟಪ ಆಗಲಿ, ಯಾವುದೋ ನಾಟಕದಲ್ಲಿ ಪರದೆ ಬದಲಿಸುವ ಹೊತ್ತು ಆಗಲಿ. ಜನ ಎಲ್ಲಿ ಮಾತಿಗೆ ಇಳಿದರು ಅಂತ ಗುರುತು ಹಾಕಿಕೊ. ಆ ಜಾಗದಲ್ಲಿ ರಾಗ ಕೆಟ್ಟಿರುವುದಿಲ್ಲ, ಬಹಳ ಸಲ ಸಾಹಿತ್ಯ ಉಸಿರಿಗೆ ಹೊಂದಿರುವುದಿಲ್ಲ. ತಿದ್ದಿಕೊಂಡು ಸ್ಟುಡಿಯೋಗೆ ಹೋಗು. ಹೋದ ಮೇಲೆ ಮೊದಲು ಇಡೀ ಹಾಡನ್ನು ತಡೆಯದೆ ಹಾಡಿ ಇಟ್ಟುಕೊ, ಆಮೇಲೆ ತುಂಡು ತುಂಡಾಗಿ ತಿದ್ದುವುದಾದರೆ ತಿದ್ದು. ಹೆಡ್‌ಫೋನು ಒಂದು ಕಿವಿಗೆ ಸಾಕು, ಇನ್ನೊಂದರಲ್ಲಿ ನಿನ್ನ ದನಿ ನಿನಗೇ ಕೇಳಲಿ. ತಬಲಾದವನನ್ನಾದರೂ ಜೊತೆಯಲ್ಲೇ ಕೂರಿಸಿಕೊ. ಹಾಡಿದ್ದು ಕೇಳುವಾಗ ಮಾತ್ರ ದಯೆ ತೋರಿಸಬೇಡ. ವೇದಿಕೆಯಲ್ಲಿ ಜನ ಪ್ರೀತಿಯಿಂದ ಮನ್ನಿಸಿದ ತಪ್ಪುಗಳು ಅಲ್ಲಿ ಒಂದೊಂದೂ ಕೇಳುತ್ತವೆ. ನನ್ನ ತಿದ್ದುಪಡಿಗಿಂತ ಅದು ನಿಷ್ಠುರವಾದ ಗುರು. ಅದರ ಹತ್ತಿರ ಕಲಿ.

ಈ ಸಲದ ನಾಟಕಕ್ಕೆ ಅರ್ಜುನನ ಪಾತ್ರ ಇನ್ನೂ ಯಾರಿಗೂ ಒಪ್ಪಿಸಿಲ್ಲ. ದುಡ್ಡಿನ ವಿಷಯ ಕಮಿಟಿಯವರ ಹತ್ತಿರ ನಾನು ಮೊದಲೇ ಮಾತಾಡುತ್ತೇನೆ, ಅರ್ಧ ಮುಂಗಡ ಕೊಡಿಸುತ್ತೇನೆ. ಎಕೋ ಕಡಿಮೆ ಇಡುವ ಹಾಗೆ ಸೌಂಡಿನವನಿಗೆ ಹೇಳುವುದೂ ನನ್ನ ಜವಾಬ್ದಾರಿ. ಹೋದ ಸಲ ನಾನು ಶ್ರುತಿಯನ್ನು ಕಪ್ಪು ಮೂರಕ್ಕೆ ಏರಿಸು ಅಂತ ಹಟ ಹಿಡಿದಿದ್ದೆ. ನಿನ್ನ ಗಂಟಲಿಗೆ ಕಪ್ಪು ಎರಡೇ ಸರಿ, ಬೆಳಗಿನವರೆಗೂ ನಿಲ್ಲುತ್ತದೆ. ಕಾರ್ತೀಕ ಕಳೆದ ಮೇಲೆ ಅಭ್ಯಾಸ ಶುರುವಾಗುತ್ತದೆ, ಶನಿವಾರ ಸಂಜೆಯ ರೈಲಿಗೆ ಬಂದರೂ ಸಾಕು.